ಕಂಬಿ ಎಲ್ಲಿದೆ? ಕಡಲ ಬದಿಯ ಮನೆಯಲ್ಲಿ ಒಂದು ಸಜ್ಜ ರಿಪೇರಿ

ಜುಲೈ ತಿಂಗಳ ಒಂದು ರಾತ್ರಿ ಅಡುಗೆಮನೆಯ ಹಿಂದೆ ಧಡ್ ಅಂತ ಸದ್ದಾಯಿತು. ಜೋರು ಮಳೆ. ತೆಂಗಿನಕಾಯಿ ಬಿದ್ದಿರಬೇಕು ಅಂದುಕೊಂಡು ಮಲಗಿದೆವು. ಬೆಳಗ್ಗೆ ಅಮ್ಮ ಪಾತ್ರೆ ತೊಳೆಯಲು ಹೋದವರು ಕೂಗಿದರು. ಕಿಟಕಿಯ ಮೇಲಿನ ಸಜ್ಜದ ಅಡಿಯಿಂದ ಒಂದು ದೊಡ್ಡ ಚಕ್ಕೆ ಕಳಚಿ, ದಿನಾ ಅವರು ನಿಲ್ಲುವ ಜಾಗದಲ್ಲೇ ಬಿದ್ದಿತ್ತು. ತೂಗಿ ನೋಡಿದೆ, 9 ಕೆಜಿ. ಮೇಲೆ ನೋಡಿದರೆ ಕೆಂಪು ಕಂಬಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು.

ಮನೆ ಕುಂದಾಪುರದ ಹತ್ತಿರ. ಕಡಲಿಗೆ ಅರ್ಧ ಕಿಲೋಮೀಟರ್ ದೂರ. 1993ರಲ್ಲಿ ಅಪ್ಪಯ್ಯ ಕಟ್ಟಿಸಿದ್ದು. ಗೋಡೆ ಎಲ್ಲ ಮುರಕಲ್ಲು, ಮೇಲೆ ಕಾಂಕ್ರೀಟ್ ತಾರಸಿ. ಕಿಟಕಿ ಮೇಲೆ 6 ಅಡಿ ಉದ್ದ, 2 ಅಡಿ ಹೊರಚಾಚಿದ ಸಜ್ಜಗಳು. ಬಿದ್ದದ್ದು ಪಶ್ಚಿಮದ ಕಡೆಯದು. ಕಡಲಗಾಳಿ, ಮಳೆ ಎರಡೂ ನೇರ ಹೊಡೆಯುವುದು ಅದಕ್ಕೇ.

ಬಂದು ನೋಡಿದವರೆಲ್ಲ ಒಂದೇ ಮಾತು ಹೇಳಿದರು. ಕಂಬಿ ಉಜ್ಜಿ, ಸಿಮೆಂಟ್ ಸಾರಣೆ ಮಾಡಿ, ಬಣ್ಣ ಹೊಡೆಯಿರಿ. ಒಂದು ದಿನದ ಕೆಲಸ. ನನಗೆ ಮನಸ್ಸು ಒಪ್ಪಲಿಲ್ಲ. ಆ ಜಾಗದಲ್ಲಿ ಅಮ್ಮ ನಿಲ್ಲುತ್ತಾರೆ. ಯಾಕೆ ಬಿತ್ತು ಅಂತ ಗೊತ್ತಾಗದೆ ಮುಚ್ಚುವುದು ಬೇಡ ಅನ್ನಿಸಿತು. ಸಜ್ಜದ ಅಡಿಗೆ ಆಸರೆಯಾಗಿ ಎರಡು ಕಂಬ ಕೊಟ್ಟು, ಆ ಕಡೆ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿ, ಮಳೆಗಾಲ ಮುಗಿಯಲಿ ಅಂತ ಕಾದೆ.

ಅಕ್ಟೋಬರ್: ತಟ್ಟಿ, ಒಡೆದು, ನೋಡಿದ್ದು

ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಟ್ಟಿ ಕಾಂಕ್ರೀಟ್ ಟಣ್ ಅನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಡಬ್ ಅನ್ನುತ್ತದೆ. ಹಲಸಿನಹಣ್ಣು ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಡಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋದೆ. ಸಜ್ಜದ ಅಡಿಯಲ್ಲಿ ಮುಕ್ಕಾಲು ಭಾಗ ಗೆರೆಯೊಳಗೇ ಬಂತು.

ಆಮೇಲೆ ಫಿನಾಲ್ಫ್ಥಲೀನ್ ಪರೀಕ್ಷೆ. ಕ್ಷಾರ ಇದ್ದರೆ ಬಣ್ಣ ತೋರಿಸುವ ದ್ರಾವಣ ಅದು. ಶಾಲೆಯ ಲ್ಯಾಬಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸಿಂಪಡಿಸಬೇಕು. ಆರೋಗ್ಯವಾಗಿರುವ ಕಾಂಕ್ರೀಟ್ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಸಜ್ಜದಲ್ಲಿ ಅಡಿಯಿಂದ ಸುಮಾರು 22 ಮಿಮೀ ತನಕ ಬಣ್ಣವೇ ಬರಲಿಲ್ಲ. ಅದರ ಮೇಲೆ ಮಾತ್ರ ಗುಲಾಬಿ. ಕಂಬಿಗಳು ಇದ್ದದ್ದು ಅಡಿಯಿಂದ 12 ಮಿಮೀ ಒಳಗೆ, ಬಣ್ಣ ಬರದ ಜಾಗದಲ್ಲಿ.

ಇದರ ಅರ್ಥ ಹೀಗೆ. ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣ ಉಳಿಯುತ್ತದೆ. ಹೊಸ ಕಾಂಕ್ರೀಟಿನ ಒಳಗೆ ಪಿಎಚ್, ಅಂದರೆ ಕ್ಷಾರದ ಅಳತೆ, 12.5ರಿಂದ 13ರ ಹತ್ತಿರ ಇರುತ್ತದೆ. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಆ ಪೊರೆ ಇರುವ ತನಕ ತುಕ್ಕಿಲ್ಲ. ಆದರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ವರ್ಷಾನುಗಟ್ಟಲೆ ನಿಧಾನವಾಗಿ ಒಳಗೆ ಹೋಗುತ್ತದೆ. ಸುಣ್ಣವನ್ನು ಸುಣ್ಣಕಲ್ಲಾಗಿ ಬದಲಿಸುತ್ತದೆ. ಪಿಎಚ್ 9ರ ಸುತ್ತಮುತ್ತ ಇಳಿದಾಗ ಪೊರೆ ಹೋಗುತ್ತದೆ. ಕಡಲ ಬದಿಯಲ್ಲಿ ಇನ್ನೊಂದು ಕಷ್ಟವಿದೆ, ಉಪ್ಪು. ಪಿಎಚ್ ಚೆನ್ನಾಗಿದ್ದರೂ ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಫಿನಾಲ್ಫ್ಥಲೀನ್ ಕ್ಲೋರೈಡನ್ನು ತೋರಿಸುವುದಿಲ್ಲ. ಹಾಗಾಗಿ ಗುಲಾಬಿ ಬಂದ ಕೂಡಲೇ ಎಲ್ಲ ಸರಿ ಇದೆ ಅಂದುಕೊಳ್ಳಬಾರದು.

ಕಬ್ಬಿಣ ತುಕ್ಕಾದಾಗ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟಿನ ಒಳಗೆ ಜಾಗ ಎಲ್ಲಿದೆ? ಒಳಗಿನಿಂದ ತಳ್ಳಿ ಚಕ್ಕೆಯನ್ನೇ ಒಡೆದು ಹಾಕುತ್ತದೆ. ಅಂದರೆ ಚಕ್ಕೆ ಬೀಳುವುದು ಕಾಯಿಲೆಯ ಶುರುವಲ್ಲ. ಅಷ್ಟು ಹೊತ್ತಿಗೆ ಒಳಗೆ ಎಷ್ಟೋ ವರ್ಷಗಳ ತುಕ್ಕು ಕೂತಿರುತ್ತದೆ.

ಒಂದು ಕಂಬಿಯನ್ನು ಕತ್ತರಿಸಿ, ಉಜ್ಜಿ, ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೆ. 10 ಮಿಮೀ ಇದ್ದದ್ದು ತೀರಾ ಸವೆದ ಜಾಗದಲ್ಲಿ 7 ಮಿಮೀ ಆಗಿತ್ತು. ಹತ್ತರಲ್ಲಿ ಏಳು ಉಳಿದಿದೆಯಲ್ಲ ಅನ್ನಿಸಬಹುದು. ಆದರೆ ಭಾರ ಹೊರುವುದು ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ. ಏಳೇಳಲ ನಲವತ್ತೊಂಬತ್ತು, ಹತ್ತು ಹತ್ತಲಿ ನೂರು. ಅರ್ಧಕ್ಕಿಂತ ಜಾಸ್ತಿ ಹೋಗಿಯೇ ಬಿಟ್ಟಿದೆ.

ಇಷ್ಟೆಲ್ಲ ನೋಡುವಾಗ ತುಕ್ಕಿಗಿಂತ ದೊಡ್ಡ ಒಂದು ತಪ್ಪು ಕಣ್ಣಿಗೆ ಬಿತ್ತು. ಕಂಬಿಗಳೆಲ್ಲ ಸಜ್ಜದ ಅಡಿಯಲ್ಲಿದ್ದವು. ಮೇಲುಗಡೆ ಒಂದೂ ಇರಲಿಲ್ಲ. ಮೇಲೆ ಹತ್ತಿ ಪಾಚಿ ಕೆರೆದಾಗ, ಗೋಡೆಗೆ ಸೇರುವ ಮೂಲೆಯಲ್ಲಿ ಉದ್ದಕ್ಕೂ ಒಂದು ಬಿರುಕು ಕಾಣಿಸಿತು.

ನವೆಂಬರ್: ಅಂಗಳದಲ್ಲಿ ಮೂರು ಹಲಗೆ

ಕಂಬಿ ಅಡಿಯಲ್ಲಿದ್ದರೆ ಏನು ತಪ್ಪು ಅಂತ ತಮ್ಮ ಕೇಳಿದ. ತಾರಸಿಯಲ್ಲೂ ಅಡಿಯಲ್ಲೇ ಅಲ್ವಾ ಇರೋದು? ಪ್ರಶ್ನೆ ಸರಿಯಾದದ್ದು. ಬಾಯಲ್ಲಿ ಹೇಳುವ ಬದಲು ಮಾಡಿ ನೋಡೋಣ ಅಂತ ತೀರ್ಮಾನಿಸಿದೆವು.

ಪ್ಲೈವುಡ್ ಅಚ್ಚಿನಲ್ಲಿ ಮೂರು ಕಾಂಕ್ರೀಟ್ ಹಲಗೆ ಎರಕ ಹಾಕಿದೆವು. ಒಂದೊಂದೂ 1 ಮೀಟರ್ ಉದ್ದ, 100 ಮಿಮೀ ಅಗಲ, 50 ಮಿಮೀ ದಪ್ಪ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 12 ಮಿಮೀ ಜಲ್ಲಿ. ಮೊದಲನೆಯದರಲ್ಲಿ ಕಂಬಿ ಇಲ್ಲ. ಉಳಿದ ಎರಡರಲ್ಲಿ ಒಂದೊಂದು 8 ಮಿಮೀ ಕಂಬಿ, ಒಂದು ಮುಖದಿಂದ 15 ಮಿಮೀ ಒಳಗೆ. ಆ ಮುಖಕ್ಕೆ ಕೆಂಪು ಬಣ್ಣ ಬಳಿದೆವು. ಮೂರನ್ನೂ 28 ದಿನ ನೀರಲ್ಲಿ ಮುಳುಗಿಸಿಟ್ಟೆವು.

ಒಡೆಯುವ ದಿನ ಮುರಕಲ್ಲನ್ನು ಎರಡು ಕಡೆ ಸೊಂಟದ ಎತ್ತರಕ್ಕೆ ಪೇರಿಸಿ, 90 ಸೆಂಟಿಮೀಟರ್ ಅಂತರ ಬಿಟ್ಟು ಹಲಗೆ ಇಟ್ಟೆವು. ಹಲಗೆಯ ನಡುವಿಗೆ ಹಗ್ಗ ಕಟ್ಟಿ, ನೆಲದಿಂದ ಒಂದು ಗೇಣು ಮೇಲೆ ತೊಟ್ಟಿಲಿನ ಹಾಗೆ ಒಂದು ಮರದ ಮಣೆ ತೂಗುಬಿಟ್ಟೆವು. ಅದರ ಮೇಲೆ 30 ಕೆಜಿಯ ಮರಳಿನ ಚೀಲಗಳು.

ಕಂಬಿ ಇಲ್ಲದ ಹಲಗೆ ಒಂದು ಚೀಲ ತಡೆಯಿತು. ಎರಡನೇ ಚೀಲ ಇಟ್ಟು ಕೈ ಬಿಡುವಷ್ಟರಲ್ಲಿ ಟಪ್ ಅಂತ ಎರಡು ತುಂಡು. ಮುಂಚೆ ಒಂದು ಸೂಚನೆಯೂ ಇಲ್ಲ.

ಎರಡನೆಯದನ್ನು ಕೆಂಪು ಮುಖ ಕೆಳಗೆ ಮಾಡಿ ಇಟ್ಟೆವು. ಎರಡನೇ ಚೀಲಕ್ಕೆ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಂಕ್ರೀಟ್ ಬಿರುಕು ಬಿಟ್ಟದ್ದು ಹೆಚ್ಚುಕಡಿಮೆ ಅದೇ ಭಾರಕ್ಕೆ. ಆದರೆ ಮುರಿಯಲಿಲ್ಲ. ಬಿರುಕು ಬಿಟ್ಟ ಕ್ಷಣದಿಂದ ಎಳೆತವನ್ನು ಕಂಬಿ ವಹಿಸಿಕೊಂಡಿತ್ತು. ನಾಲ್ಕು, ಐದು, ಆರು. ಏಳನೇ ಚೀಲ ಇಟ್ಟಾಗ ಬಗ್ಗಿದ್ದು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಚೀಲ ಮುಗಿದದ್ದರಿಂದ ಅಲ್ಲಿಗೆ ನಿಲ್ಲಿಸಿದೆವು. 210 ಕೆಜಿ.

ಮೂರನೆಯದು ಅದೇ ಅಚ್ಚು, ಅದೇ ದಿನದ ಮಿಶ್ರಣ, ಅದೇ ಕಂಬಿ. ಕೆಂಪು ಮುಖ ಮೇಲೆ ಮಾಡಿ ಇಟ್ಟದ್ದು ಮಾತ್ರ ಬೇರೆ. ಎರಡನೇ ಚೀಲಕ್ಕೆ ಅಡಿಯಿಂದ ಬಿರುಕು ಎದ್ದು ಮೇಲಿನ ತನಕ ಓಡಿತು. ಮೂರನೇ ಚೀಲಕ್ಕೆ ನಡುವೆ ಮಡಚಿಕೊಂಡು ಮಣೆ ನೆಲಕ್ಕೆ ಕೂತಿತು. ಒಳಗಿನ ಕಂಬಿ ಎರಡು ತುಂಡನ್ನು ಹಿಡಿದುಕೊಂಡಿತ್ತು, ಅಷ್ಟೇ. ತಮ್ಮ ಆ ಹಲಗೆಯನ್ನು ಬಹಳ ಹೊತ್ತು ನೋಡುತ್ತಾ ನಿಂತ.

ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್, ಅನ್ನುವುದರ ಸಾರ ಈ ಹಲಗೆಯಲ್ಲಿದೆ. ಕಾಂಕ್ರೀಟನ್ನು ಅದುಮಿದರೆ ಅದಕ್ಕೆ ಅಪಾರ ಶಕ್ತಿ. ಎಂ 20 ಅಂತ ನಾವು ಹೇಳುವ ಕಾಂಕ್ರೀಟಿನ 150 ಮಿಮೀ ಘನವೊಂದು 28 ದಿನಕ್ಕೆ ಸುಮಾರು 45 ಟನ್ ಅದುಮನ್ನು ತಡೆಯಬೇಕು. ಅದನ್ನೇ ಎಳೆದರೆ ಹತ್ತರಲ್ಲಿ ಒಂದು ಪಾಲು ಶಕ್ತಿಯೂ ಕಷ್ಟ. ಒಂದು ಹಲಗೆ ಬಗ್ಗಿದಾಗ ಒಂದು ಮುಖ ಕುಗ್ಗುತ್ತದೆ, ಇನ್ನೊಂದು ಮುಖ ಹಿಗ್ಗುತ್ತದೆ. ಕುಗ್ಗುವ ಕಡೆ ಕಾಂಕ್ರೀಟ್ ನೋಡಿಕೊಳ್ಳುತ್ತದೆ. ಹಿಗ್ಗುವ ಕಡೆ ಕಂಬಿ ಬೇಕು. ಕಲ್ಲಿಗೂ ಇದೇ ಸ್ವಭಾವ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವುದನ್ನು ನೋಡಿದ್ದೀರಲ್ಲ? ಕಲ್ಲಿನ ತೊಲೆಯನ್ನು ತುಂಬಾ ಉದ್ದ ಬಿಟ್ಟರೆ ಅಡಿಯಲ್ಲಿ ಎಳೆತಕ್ಕೆ ಸೀಳುತ್ತದೆ.

ತಾರಸಿಗೆ ಎರಡೂ ಕಡೆ ಗೋಡೆ ಇದೆ. ನಡುವೆ ಕೆಳಗೆ ಬಗ್ಗುತ್ತದೆ, ಅಡಿ ಹಿಗ್ಗುತ್ತದೆ. ಹಾಗಾಗಿ ಅಲ್ಲಿ ಅಡಿಯಲ್ಲಿ ಕಂಬಿ. ಸಜ್ಜವನ್ನು ಗೋಡೆ ಒಂದೇ ಕಡೆ ಹಿಡಿದಿದೆ. ತುದಿ ಕೆಳಗೆ ಬಾಗುತ್ತದೆ, ಹಾಗಾಗಿ ಹಿಗ್ಗುವುದು ಮೇಲಿನ ಮುಖ. ತೋಳು ಮುಂದೆ ಚಾಚಿ ಕೈಯಲ್ಲಿ ಒಂದು ಕೊಡ ನೀರು ಹಿಡಿದು ನೋಡಿ, ಭುಜದ ಮೇಲಿನ ಸ್ನಾಯು ಬಿಗಿಯುತ್ತದೆ. ಸಜ್ಜಕ್ಕೂ ಅಲ್ಲೇ ಕಂಬಿ ಬೇಕು.

ಹಾಗಾದರೆ ನಮ್ಮ ಸಜ್ಜ ಮೂವತ್ತು ವರ್ಷ ಹೇಗೆ ನಿಂತಿತು? ಲೆಕ್ಕ ಹಾಕಿದೆ. 3 ಇಂಚು ದಪ್ಪದ, 2 ಅಡಿ ಚಾಚಿದ ಸಜ್ಜದ ಸ್ವಂತ ಭಾರಕ್ಕೆ ಬುಡದಲ್ಲಿ ಬರುವ ಎಳೆತ ಬಹಳ ಕಡಿಮೆ. ಕಾಂಕ್ರೀಟಿಗೆ ಇರುವ ಅಲ್ಪಸ್ವಲ್ಪ ಎಳೆತದ ಶಕ್ತಿಯೇ ಅದಕ್ಕೆ ಸಾಕು. ಅಂದರೆ ಅಷ್ಟು ವರ್ಷ ಅದು ಕಂಬಿಯ ನೆರವಿಲ್ಲದೆ ನಿಂತಿತ್ತು. ಬುಡದಲ್ಲಿ ಬಿರುಕು ಬಂದ ಮೇಲೆ, ತುಕ್ಕು ಹಿಡಿದ ಅಡಿಯ ಕಂಬಿಗೆ ಜೋತುಕೊಂಡಿತ್ತು. ತೆಂಗಿನಕಾಯಿ ಕೀಳಲು, ಬಣ್ಣ ಹೊಡೆಯಲು ಎಷ್ಟು ಸಲ ಅದರ ತುದಿಯಲ್ಲಿ ಜನ ನಿಂತಿದ್ದಾರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಕಾಂಕ್ರೀಟಿಗೆ ಕಬ್ಬಿಣ ಸೇರಿಸಿದವರಲ್ಲಿ ಮೊದಲಿಗರೊಬ್ಬರು ಜೋಸೆಫ್ ಮೊನಿಯೆ, ಫ್ರಾನ್ಸಿನ ತೋಟಗಾರ. 1867ರಲ್ಲಿ ಅವರು ಪೇಟೆಂಟ್ ಪಡೆದದ್ದು ಗಿಡ ನೆಡುವ ತೊಟ್ಟಿಗಳಿಗೆ. ಕಬ್ಬಿಣ ಎಳೆತ ಬೀಳುವ ಕಡೆ ಇರಬೇಕು ಅಂತ ಲೆಕ್ಕ ಸಮೇತ 1886ರಲ್ಲಿ ಪ್ರಕಟಿಸಿದವರು ಜರ್ಮನಿಯ ಎಂಜಿನಿಯರ್ ಮಥಿಯಾಸ್ ಕೋನೆನ್. ಅಂದರೆ ಈ ತಿಳಿವಳಿಕೆ ನೂರು ವರ್ಷಕ್ಕೂ ಹಳೆಯದು. ಆದರೂ ನಮ್ಮ ಊರುಗಳಲ್ಲಿ ಮನೆ ಕಟ್ಟಿದವರು "ಇಷ್ಟು ಟನ್ ಕಬ್ಬಿಣ ಹಾಕಿಸಿದ್ದೇನೆ" ಅಂತಲೇ ಹೇಳುತ್ತಾರೆ. ಎಲ್ಲಿ ಹಾಕಿಸಿದಿರಿ ಅಂತ ಯಾರೂ ಕೇಳುವುದಿಲ್ಲ.

ಡಿಸೆಂಬರ್: ಕೆಡವಿದ್ದು, ತೂತು ಕೊರೆದದ್ದು

ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ಲಿಂಟಲ್, ಅಂದರೆ ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ, ಅದನ್ನು ತಟ್ಟಿ, ಒಂದು ಕಡೆ ಒಡೆದು ಕಂಬಿ ನೋಡಿ, ಲಿಂಟಲ್ ಗಟ್ಟಿ ಇದೆ, ಮೇಲಿನ ಗೋಡೆಯ ಭಾರವೂ ಹೊಸ ಸಜ್ಜವನ್ನು ಹಿಡಿಯಲು ಸಾಕು ಅಂದರು. ಹಳೇ ಸಜ್ಜ ಪೂರ್ತಿ ತೆಗೆದು, ಲಿಂಟಲ್‌ಗೆ ತೂತು ಕೊರೆದು, ಹೊಸ ಕಂಬಿಯನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಹೊಸದು ಎರಕ ಹಾಕುವುದು ಅಂತ ತೀರ್ಮಾನವಾಯಿತು. ಇಂಥ ಕೆಲಸಕ್ಕೆ ಕೈ ಹಾಕುವವರು ಈ ಒಂದು ಹೆಜ್ಜೆ ಬಿಡಬೇಡಿ. ಕಂಬ, ತೊಲೆ, ತಾರಸಿಯಲ್ಲಿ ಕಂಬಿ ಕಂಡಿದ್ದರೆ ನಾನೂ ಮುಟ್ಟುತ್ತಿರಲಿಲ್ಲ.

ಕೆಡವುವ ಕೆಲಸ ಎರಡು ದಿನ. ಅಡಿಗೆ ಅಡಿಕೆ ಮರದ ಕಂಬಗಳನ್ನು ಕೊಟ್ಟು, ತುದಿಯಿಂದ ಬುಡದ ಕಡೆಗೆ ಸಣ್ಣ ಸಣ್ಣ ತುಂಡು ಮಾಡಿ ತೆಗೆದೆವು.

ಹೊಸ ಸಜ್ಜ ಬುಡದಲ್ಲಿ 125 ಮಿಮೀ, ತುದಿಯಲ್ಲಿ 110 ಮಿಮೀ ದಪ್ಪ. ಹಳೆಯದು 75 ಇತ್ತು. ಇಷ್ಟು ದಪ್ಪ ಯಾಕೆ ಅಂತ ಮೇಸ್ತ್ರಿ ಕೇಳಿದರು. ಕಾರಣ ಕವರ್, ಅಂದರೆ ಕಂಬಿಯ ಮೇಲೆ ಹೊದೆಸುವ ಕಾಂಕ್ರೀಟಿನ ದಪ್ಪ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಒಣ ಜಾಗದಲ್ಲಿ 20 ಮಿಮೀ ಸಾಕು. ಕಡಲ ಗಾಳಿಗೆ ನೇರ ಒಡ್ಡಿಕೊಂಡ ಕಡೆ 45 ಮಿಮೀ ಬೇಕು. ಕಾಂಕ್ರೀಟೂ ಕನಿಷ್ಠ ಎಂ 30 ಇರಬೇಕು, ನೀರು ಸಿಮೆಂಟಿನ ತೂಕದ 0.45ಕ್ಕಿಂತ ಜಾಸ್ತಿ ಇರಬಾರದು. ಮೇಲೆ 45, ಕೆಳಗೆ 45, ನಡುವೆ ಎರಡು ಸುತ್ತು 8 ಮಿಮೀ ಕಂಬಿ. 106 ಮಿಮೀ ಅಲ್ಲೇ ಹೋಯಿತು. ಕವರ್ ಅಂದರೆ ಕಾಲಾವಕಾಶ. ಉಪ್ಪು ಕಂಬಿ ಮುಟ್ಟಲು ನಡೆಯಬೇಕಾದ ದಾರಿ ಅದು.

ಹೊಸ ಸಜ್ಜದ ಮೇಲಿನ ಮುಖ ಬರುವ ಮಟ್ಟದಿಂದ 50 ಮಿಮೀ ಕೆಳಗೆ ಗೆರೆ ಎಳೆದು, 150 ಮಿಮೀಗೊಂದರಂತೆ 13 ತೂತು ಗುರುತು ಮಾಡಿದೆ. ಹ್ಯಾಮರ್ ಡ್ರಿಲ್‌ನಲ್ಲಿ 150 ಮಿಮೀ ಆಳ ಕೊರೆದೆವು. ಎರಡು ಕಡೆ ಲಿಂಟಲ್‌ನ ರಿಂಗ್ (ಕಂಬಿಗಳನ್ನು ಸುತ್ತಿ ಕಟ್ಟಿದ ಬಳೆ) ಅಡ್ಡ ಬಂತು, ಒಂದು ಇಂಚು ಸರಿಸಿ ಕೊರೆದೆವು.

ಮೊದಲು ಒಂದೇ ಕಂಬಿ ಕೂರಿಸಿ ಒಂದು ದಿನ ಒಣಗಲು ಬಿಟ್ಟೆ. ಮಾರನೇ ದಿನ ಅದಕ್ಕೆ ಕ್ಲಾಂಪ್ ಹಾಕಿ, ಪೈಪಿನ ಸನ್ನೆಯಿಂದ ಎಳೆದೆ. ಸರ್ರನೆ ಹೊರಗೆ ಬಂತು. ಅಂಟು ಕಂಬಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅಂಟಿನ ಹೊರಮೈಗೆ ಮಾತ್ರ ಬಿಳಿ ಧೂಳು ಮೆತ್ತಿತ್ತು. ತೂತನ್ನು ನಾನು ಬಾಯಿಂದ ಊದಿ ಬಿಟ್ಟಿದ್ದೆ. ಅದು ಸಾಲದು. ಉಳಿದ ಎಲ್ಲ ತೂತಿಗೂ ಗಾಳಿ ಪಂಪಿನಿಂದ ಆಳದಿಂದ ಊದಿ, ದುಂಡು ಬ್ರಷ್ ಹಾಕಿ ತಿರುಗಿಸಿ, ಮತ್ತೆ ಊದಿ, ಹೀಗೆ ಮೂರು ಸಲ ಮಾಡಿದೆ. ಅಂಟನ್ನು ತೂತಿನ ತಳದಿಂದ ತುಂಬುತ್ತಾ ಬಂದು ಕಂಬಿಯನ್ನು ತಿರುಗಿಸುತ್ತಾ ಒಳಗೆ ಒತ್ತಿದೆ. ಮತ್ತೆ ಅದೇ ಸನ್ನೆ ಹಾಕಿ ಎಳೆದಾಗ ಒಂದೂ ಅಲುಗಲಿಲ್ಲ.

ಆ ಕಿತ್ತು ಬಂದ ಕಂಬಿ ಹೇಳಿಕೊಟ್ಟ ಪಾಠ ಇಡೀ ಆರ್‌ಸಿಸಿಗೆ ಸಲ್ಲುತ್ತದೆ. ಕಂಬಿ ಜಾರಿದರೆ ಅದು ಅಲ್ಲಿ ಇದ್ದೂ ಇಲ್ಲದ ಹಾಗೆ. ಈಗಿನ ಕಂಬಿಗಳ ಮೇಲೆ ಏಣುಗಳಿರುವುದು ಕಾಂಕ್ರೀಟಿಗೆ ಕಚ್ಚಿಕೊಳ್ಳಲಿ ಅಂತಲೇ. ಮಣ್ಣು, ಎಣ್ಣೆ, ಸೆಂಟ್ರಿಂಗ್‌ಗೆ ಬಳಿಯುವ ಗ್ರೀಸ್ ಕಂಬಿಗೆ ತಾಗಬಾರದು. ಇನ್ನೊಂದು ಅದೃಷ್ಟವೂ ಇದೆ. ಬಿಸಿಲಿಗೆ ಕಬ್ಬಿಣ, ಕಾಂಕ್ರೀಟ್ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು. ಕಬ್ಬಿಣದ ಬದಲು ಅಲ್ಯೂಮಿನಿಯಂ ಇದ್ದಿದ್ದರೆ ಅದು ಎರಡು ಪಟ್ಟು ಹಿಗ್ಗುತ್ತಿತ್ತು, ಹಿಡಿತ ಬಿಟ್ಟು ಹೋಗುತ್ತಿತ್ತು.

ಒಟ್ಟು ಹೊಸ ಕಬ್ಬಿಣ ತೂಗಿದರೆ 7 ಕೆಜಿಯೂ ಇಲ್ಲ. ಹಳೇ ಸಜ್ಜದಲ್ಲಿ 10 ಮಿಮೀ ಕಂಬಿಗಳಿದ್ದವು, ಇದಕ್ಕಿಂತ ಜಾಸ್ತಿಯೇ ಕಬ್ಬಿಣ ಹಾಕಿದ್ದರು.

ಜನವರಿ: ಕಾಂಕ್ರೀಟ್ ಹಾಕಿದ ದಿನ

ಮೇಲಿನ ಕಂಬಿಯನ್ನು ಮೇಲೆಯೇ ನಿಲ್ಲಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಕಬ್ಬಿಣದ ಕುರ್ಚಿ ಮಾಡಿಟ್ಟರೆ ಅದರ ಕಾಲು ಅಡಿಯ ಮೈಗೆ ತಾಗಿ, ಅಲ್ಲಿಂದಲೇ ತುಕ್ಕು ಹತ್ತುತ್ತದೆ. ಹಾಗಾಗಿ ಅದೇ ಕಾಂಕ್ರೀಟಿಗೆ ಸಮನಾದ ಗಾರೆಯಲ್ಲಿ ಬೇರೆ ಬೇರೆ ಎತ್ತರದ ಬ್ಲಾಕ್ ಮಾಡಿ, ಮೊದಲೇ ಹತ್ತು ದಿನ ನೀರಲ್ಲಿಟ್ಟಿದ್ದೆ. ಬುಡದಲ್ಲಿ 70 ಮಿಮೀ, ತುದಿಗೆ ಹೋದಂತೆ ಸ್ವಲ್ಪ ಕಡಿಮೆ. ಕಂಬಿಗಳನ್ನು ಬೈಂಡಿಂಗ್ ವೈರ್‌ನಿಂದ ಬ್ಲಾಕಿಗೆ ಕಟ್ಟಿದೆವು. ವೈರಿನ ತುದಿಗಳನ್ನೂ ಒಳಕ್ಕೆ ಮಡಚಿದೆವು. ಹೊರಗೆ ಇಣುಕಿದ ವೈರ್ ಉಪ್ಪಿಗೆ ದಾರಿ ತೋರಿಸುತ್ತದೆ.

ಎಂಜಿನಿಯರ್ ಬರೆದುಕೊಟ್ಟ ಲೆಕ್ಕ ಅರ್ಧ ಚೀಲಕ್ಕೆ ಹೀಗಿತ್ತು. ಸಿಮೆಂಟ್ 25 ಕೆಜಿ, ಎಂ ಸ್ಯಾಂಡ್ 42 ಕೆಜಿ, ಜಲ್ಲಿ 72 ಕೆಜಿ, ನೀರು 11 ಲೀಟರ್ ಚಿಲ್ಲರೆ. ಬಾಂಡ್ಲಿ ಲೆಕ್ಕ ಬಿಟ್ಟು ತಕ್ಕಡಿಯಲ್ಲಿ ತೂಗಿದೆವು. ಮರಳು ಒದ್ದೆ ಇತ್ತು. ಒಂದು ಕೆಜಿ ಮರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿದೆ, 50 ಗ್ರಾಂ ಕಡಿಮೆ ಬಂತು. ಅಂದರೆ 42 ಕೆಜಿ ಮರಳಿನೊಳಗೇ 2 ಲೀಟರ್ ನೀರಿದೆ. ಅಷ್ಟನ್ನು ಕಳೆದು ಒಂಬತ್ತೂಕಾಲು ಲೀಟರ್ ಹಾಕಿದೆವು.

ಮೇಸ್ತ್ರಿ ಮೂವತ್ತು ವರ್ಷದ ಅನುಭವಸ್ಥರು, ಒಳ್ಳೆಯ ಕೆಲಸಗಾರರು. ಮಿಶ್ರಣ ನೋಡಿ ಮುಖ ಸಣ್ಣ ಮಾಡಿದರು. "ಇಷ್ಟು ಗಟ್ಟಿ ಇದ್ರೆ ಹೇಗೆ ಮಾರಾಯ್ರೇ, ಇಳಿಯೋದೇ ಇಲ್ಲ. ಒಂದು ಕೊಡ ನೀರು ಹಾಕುವ." ನಾನು ಕೈ ಮುಗಿದು ಬೇಡ ಅಂದೆ. ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಅದರ ತೂಕದ ಕಾಲು ಭಾಗದಷ್ಟು. ಉಳಿದದ್ದು ಕಲಸಲು, ತುಂಬಲು ಅನುಕೂಲಕ್ಕೆ ಹಾಕುವುದು. ಆ ಹೆಚ್ಚಿನ ನೀರು ಆರಿದ ಜಾಗ ಸಣ್ಣ ರಂಧ್ರವಾಗಿ ಉಳಿಯುತ್ತದೆ, ಉಪ್ಪು ಬರುವುದು ಅಲ್ಲಿಂದಲೇ. ನೀರಿನ ಬದಲು ಪ್ಲಾಸ್ಟಿಸೈಜರ್ ದ್ರಾವಣವನ್ನು ಡಬ್ಬಿ ಮೇಲೆ ಬರೆದಷ್ಟೇ ಅಳೆದು ಸೇರಿಸಿದೆವು. ಎರಡು ನಿಮಿಷದಲ್ಲಿ ಮಿಶ್ರಣ ಮೊಸರನ್ನದ ಹಾಗೆ ಸಡಿಲವಾಯಿತು. ಮೇಸ್ತ್ರಿ ಕರಣೆಯಿಂದ ಕೆದಕಿ ನೋಡಿ, "ಇದು ಅಡ್ಡಿಲ್ಲ" ಅಂದರು. ನನಗೆ ಅಷ್ಟು ಸಾಕಾಗಿತ್ತು.

ಎರಡನೇ ಬಾರಿ ಕಲಸುವಾಗ ಸಹಾಯಕ್ಕೆ ಬಂದ ಹುಡುಗ ಬಾಂಡ್ಲಿ ಹಿಡಿದು ನೇರ ಕಂಬಿಗಳ ಮೇಲೆ ಕಾಲಿಟ್ಟ. ಎರಡು ಬ್ಲಾಕ್ ಮಗುಚಿ, ಮೂರು ಕಂಬಿ ಕೆಳಗೆ ಕೂತವು. ಅವನ ತಪ್ಪೇನಿಲ್ಲ, ನಿಲ್ಲಲು ಬೇರೆ ಹಲಗೆಯನ್ನು ನಾವು ಕೊಟ್ಟಿರಲಿಲ್ಲ. ಕೆಲಸ ನಿಲ್ಲಿಸಿ, ಕಂಬಿ ಎತ್ತಿ, ಬ್ಲಾಕ್ ಸರಿಪಡಿಸಿ, ಪಟ್ಟಿ ಇಟ್ಟು ಅಳೆದು ಮುಂದುವರಿಸಿದೆವು. ನಮ್ಮ ಹಳೇ ಸಜ್ಜದಲ್ಲೂ ಹೀಗೇ ಆಗಿರಬಹುದಾ ಅಂತ ಆಗ ಅನ್ನಿಸಿತು. ಕಟ್ಟಿದವರು ಮೇಲೆಯೇ ಕಟ್ಟಿದ್ದು, ಎರಕದ ಗಡಿಬಿಡಿಯಲ್ಲಿ ಯಾರದೋ ಕಾಲಡಿ ಸಿಕ್ಕಿ ಕೆಳಗೆ ಹೋಗಿದ್ದರೆ? ನೋಡುವವರು ಇಲ್ಲದಿದ್ದರೆ ಅದು ಹತ್ತು ನಿಮಿಷದಲ್ಲಿ ಕಾಂಕ್ರೀಟಿನೊಳಗೆ ಮುಚ್ಚಿಹೋಗುತ್ತದೆ.

ವೈಬ್ರೇಟರ್ ಸಣ್ಣದೊಂದು ಬಾಡಿಗೆಗೆ ತಂದಿದ್ದೆವು. ಗುಳ್ಳೆ ಬರುವುದು ನಿಲ್ಲುವ ತನಕ ಅಲ್ಲಲ್ಲಿ ಇಳಿಸಿ ತೆಗೆದೆವು. ಸೆಂಟ್ರಿಂಗ್ ಹಾಕುವಾಗಲೇ ತುದಿಯ ಅಡಿಯಲ್ಲಿ ಅರ್ಧ ಇಂಚಿನ ಪೈಪನ್ನು ಸೀಳಿ ಮೊಳೆ ಹೊಡೆದಿದ್ದೆ. ಆಮೇಲೆ ಅದನ್ನು ಕಿತ್ತರೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಉಳಿಯುತ್ತದೆ. ಮಳೆನೀರು ಅಡಿಗುಂಟ ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಸಂಜೆಯಿಂದಲೇ ಗೋಣಿಚೀಲ ಹೊದೆಸಿ ನೀರು ಹಾಕಲು ಶುರು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ನಾವು ಬಳಸಿದ್ದು ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟ್, ಅದಕ್ಕೆ ಕನಿಷ್ಠ ಹತ್ತು ದಿನ ಒದ್ದೆ ಇರಬೇಕು. ನಾವು ಹದಿನಾಲ್ಕು ದಿನ ಹಾಕಿದೆವು. ಮಧ್ಯಾಹ್ನದ ಪಾಳಿ ಅಮ್ಮನದು. ಒಂದು ದಿನವೂ ತಪ್ಪಿಸಲಿಲ್ಲ.

ಹದಿನೈದನೇ ದಿನ ಕಂಬಗಳನ್ನು ತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಒಂದೊಂದಾಗಿ ತೆಗೆದೆವು. ಗೋಡೆಯ ಕಡೆಯದನ್ನು ಮೊದಲು ತೆಗೆದು ತುದಿಯದನ್ನು ಬಿಟ್ಟರೆ ಸಜ್ಜ ಎರಡು ಕಡೆ ಕೂತಂತಾಗಿ, ಕಂಬಿ ಇಲ್ಲದ ಅಡಿ ಹಿಗ್ಗುತ್ತದೆ. 28 ದಿನ ಆದ ಮೇಲೆ ತುದಿಯ ಉದ್ದಕ್ಕೂ ಐದು ಮರಳಿನ ಚೀಲ ಸಾಲಾಗಿ ಇಟ್ಟು, 150 ಕೆಜಿ, ಒಂದು ದಿನ ಬಿಟ್ಟೆ. ಕೆಳಗೆ ಬಿಗಿದು ಕಟ್ಟಿದ ದಾರದಿಂದ ಸಜ್ಜದ ಅಡಿಗೆ ಇದ್ದ ಅಂತರ ಪಟ್ಟಿಯಲ್ಲಿ ಅಳೆದಾಗ ಬದಲಾಗಿರಲಿಲ್ಲ. ಬುಡದ ಮೇಲ್ಭಾಗವನ್ನು ಟಾರ್ಚ್ ಹಿಡಿದು ನೋಡಿದೆ, ಬಿರುಕಿಲ್ಲ.

ಪಕ್ಕದ ಸಜ್ಜ

ಬಚ್ಚಲುಮನೆ ಕಡೆಯ ಸಜ್ಜದಲ್ಲಿ ಕಂಬಿ ಮೇಲೆಯೇ ಇತ್ತು, ತುಕ್ಕೂ ಕಡಿಮೆ. ಅದನ್ನು ಕೆಡವಲಿಲ್ಲ, ತೇಪೆ ಹಾಕಿದೆವು. ಡಬ್ ಅನ್ನುವ ಜಾಗದ ಸುತ್ತ ಗ್ರೈಂಡರಿನಿಂದ ಚೌಕವಾಗಿ ಗೆರೆ ಕೊಯ್ದು, ಕಂಬಿಯ ಹಿಂದೆ ಬೆರಳು ತೂರುವಷ್ಟು ಒಡೆದೆವು. ಕಂಬಿಯ ಮುಂದೆ ಮಾತ್ರ ಕೆರೆದು ಸಾರಣೆ ಮಾಡಿದರೆ ಹಿಂದಿನ ತುಕ್ಕು ಹಾಗೇ ಕೆಲಸ ಮಾಡುತ್ತಿರುತ್ತದೆ. ವೈರ್ ಬ್ರಷ್ ಹಾಕಿ ಹೊಳೆಯುವ ತನಕ ಉಜ್ಜಿ, ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಸೇರಿಸಿದ ಗಾರೆ ತುಂಬಿದೆವು.

ತೇಪೆಗೆ ಒಂದು ಕೊರತೆ ಇದೆ, ಅದನ್ನು ಹೇಳಲೇಬೇಕು. ತೇಪೆಯೊಳಗಿನ ಕಂಬಿ ಈಗ ಸುರಕ್ಷಿತ. ಆದರೆ ತುಕ್ಕು ಅನ್ನುವುದು ಬ್ಯಾಟರಿ ಕೆಲಸ ಮಾಡುವ ಹಾಗೆ. ಒಂದು ಕಡೆ ಕರಗುವ ತನಕ ಪಕ್ಕದ ಕಂಬಿ ತಾನಾಗಿ ಉಳಿದುಕೊಂಡಿರುತ್ತದೆ. ಕರಗುವ ಜಾಗವನ್ನು ನಾವು ಸರಿ ಮಾಡಿದ ಮೇಲೆ, ಸುತ್ತಲ ಹಳೇ ಕಾಂಕ್ರೀಟಿನಲ್ಲಿ ಉಪ್ಪು ಉಳಿದಿದ್ದರೆ, ತೇಪೆಯ ಅಂಚಿನಲ್ಲೇ ಹೊಸದಾಗಿ ತುಕ್ಕು ಶುರುವಾಗಬಹುದು. ಅದಕ್ಕೇ ತೇಪೆಯ ಸುತ್ತ ಒಂದು ಅಡಿ ದೂರಕ್ಕೆ ಬಣ್ಣದ ಗುರುತು ಮಾಡಿಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ, ಅಲ್ಲೆಲ್ಲ ತಟ್ಟಿ ನೋಡುತ್ತೇನೆ.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಂದ ದಿನ ಟಾರ್ಚ್ ಹಿಡಿದು ಹಿಂದೆ ಹೋದೆ. ನೀರು ತುದಿಯ ಕಾಲುವೆಯಿಂದ ಸಾಲಾಗಿ ತೊಟ್ಟಿಕ್ಕುತ್ತಿತ್ತು. ಸಜ್ಜದ ಅಡಿ ಒಣಗಿಯೇ ಇತ್ತು. ಅಮ್ಮ ಕಿಟಕಿಯಿಂದ ಕೇಳಿದರು, "ಹಗ್ಗ ಬಿಚ್ಚಬಹುದಾ ಈಗ?" ಬಿಚ್ಚಿದೆ.